ಮಾವ ಕೊಟ್ಟ ಇಪ್ಪತ್ತು ಸಾವಿರ

ನಾನು ಆಪ್ತಸಲಹೆಗಾರ್ತಿ. ಗೆದ್ದವರ ಕಥೆಗಳನ್ನು ಬರೆದಿಟ್ಟುಕೊಳ್ಳುತ್ತ, ತಾವು ಮಾತ್ರ ಏನೂ ಶುರು ಮಾಡದವರ ಪ್ರಕರಣ ನನ್ನ ಹತ್ತಿರ ಬಂದದ್ದು ಇದು ಮೂರನೆಯದು. ಅದಕ್ಕೇ ಬರೆಯುತ್ತಿದ್ದೇನೆ. ಮೊದಲನೆಯವಳು ಕುಮಟಾ ಕಡೆಯ ಹುಡುಗಿ. ರ‍್ಯಾಂಕ್ ಬಂದವರ ಸಂದರ್ಶನಗಳನ್ನೆಲ್ಲ ಬರೆದಿಟ್ಟುಕೊಂಡಿದ್ದಳು, ತಾನು ಮಾತ್ರ ಪರೀಕ್ಷೆಗೆ ಅರ್ಜಿ ಹಾಕಿರಲಿಲ್ಲ. ಎರಡನೆಯವರು ಹೊನ್ನಾವರದ ಒಬ್ಬ ಮೇಷ್ಟ್ರು, ಅವರ ಕಥೆ ಇಲ್ಲಿ ಬೇಡ. ಮೂರನೆಯವನು ಶಿರಸಿ ಹತ್ತಿರದ ಹುಡುಗ. ವಿನಯ ಎಂದು ಕರೆಯೋಣ. ಹೆಸರು, ಊರು, ಮನೆಯ ವಿವರ ಬದಲಿಸಿದ್ದೇನೆ. ಅವನು ಮಾರಲು ಹೊರಟಿದ್ದ ತಿಂಡಿಯನ್ನೂ ಬದಲಿಸುತ್ತೇನೆ ಎಂದಿದ್ದೆ. ಅವನು ಒಪ್ಪಲಿಲ್ಲ. "ತೊಡೆದೇವು ತೆಗೆದ್ರೆ ಕಥೇಲಿ ಇನ್ನೇನು ಉಳಿಯುತ್ತೆ ಮೇಡಂ?" ಎಂದ. ಬರೆದದ್ದನ್ನು ಪೂರ್ತಿ ಓದಿ ಒಪ್ಪಿಗೆ ಕೊಟ್ಟಿದ್ದಾನೆ. ಮನೆಯವರ ಮಾತು ಹವ್ಯಕ, ನಾನು ಸಾಮಾನ್ಯ ಕನ್ನಡಕ್ಕೆ ತಂದಿದ್ದೇನೆ.

ವಯಸ್ಸು 29. ಬೆಂಗಳೂರಿನಲ್ಲಿ ನಾಲ್ಕು ವರ್ಷ ಕಂಪ್ಯೂಟರ್ ಕೆಲಸ ಮಾಡಿ, ಬಿಟ್ಟು ಊರಿಗೆ ಬಂದು ಎರಡು ವರ್ಷ. ಸಣ್ಣ ಅಡಿಕೆ ತೋಟ, ಒಬ್ಬನೇ ಮಗ. ಆಯಿ (ಅಮ್ಮ) ಮಾಡುವ ತೊಡೆದೇವನ್ನು ಡಬ್ಬಿಗೆ ತುಂಬಿ ಪೇಟೆಗಳಿಗೆ ಕಳಿಸಬೇಕು ಎನ್ನುವುದು ಅವನ ಯೋಚನೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಅಕ್ಕಿ ಹಿಟ್ಟನ್ನು ಕಬ್ಬಿನ ಹಾಲಲ್ಲಿ ತೆಳ್ಳಗೆ ಕಲಸಿ, ಒಲೆಯ ಮೇಲೆ ಬೋರಲು ಹಾಕಿದ ಮಡಕೆಗೆ ಬಟ್ಟೆಯಿಂದ ಒಂದೇ ಎಳೆತಕ್ಕೆ ಬಳಿದು, ಕಾಗದದ ಹಾಗೆ ಎಬ್ಬಿಸಿ ಮಡಚುವ ಸಿಹಿ ಅದು. ಆಲೆಮನೆ ನಡೆಯುವಾಗ ಮಾಡಿದರೇ ಅದರ ರುಚಿ. ವಿನಯ ಬಂದ ಮೇಲೆ ಎರಡು ಆಲೆಮನೆ ಮುಗಿದುಹೋಗಿದ್ದವು. ಒಂದು ಡಬ್ಬಿಯೂ ಮನೆಯ ಹೊಸಿಲು ದಾಟಿರಲಿಲ್ಲ. ಅಷ್ಟರಲ್ಲಿ ಅವನು ಉದ್ಯಮಿಗಳ ಬಗ್ಗೆ 63 ಪುಸ್ತಕ ಓದಿದ್ದ.

ಕರೆದುಕೊಂಡು ಬಂದವರು ಆಯಿ. "ರಾತ್ರಿ ಎರಡು ಗಂಟೆ ತನಕ ಓದೋದು, ಬರೆಯೋದು. ಬೆಳಿಗ್ಗೆ ತೋಟಕ್ಕೆ ಬಾ ಅಂದ್ರೆ ಮುಖ ಊದಿಸ್ಕೊಳ್ತಾನೆ" ಎಂದರು. ಅಪ್ಪಯ್ಯನೂ ಜೊತೆಗೆ ಬಂದಿದ್ದರು. ಒಳಗೆ ಬರಲಿಲ್ಲ. ಹೊರಗೆ ಬೆಂಚಿನ ಮೇಲೆ ಪೇಪರ್ ಹಿಡಿದು ಕೂತರು. ಒಂದು ಗಂಟೆಯಲ್ಲಿ ಪುಟ ತಿರುವಿದ್ದನ್ನು ನಾನು ನೋಡಲಿಲ್ಲ.

ಮೊದಲ ಎರಡು ಭೇಟಿಯಲ್ಲಿ ವಿಶೇಷ ಏನೂ ಇಲ್ಲ. ಊಟ, ನಿದ್ದೆ, ಆಸಕ್ತಿ, ಬದುಕು ಬೇಡ ಅನ್ನಿಸುತ್ತದೆಯೇ, ಎಲ್ಲ ಕೇಳಿದೆ. ಖಿನ್ನತೆಯ ಲಕ್ಷಣ ಕಾಣಲಿಲ್ಲ. ಕಂಡಿದ್ದರೆ ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ, ನಾನೇ ಇಟ್ಟುಕೊಂಡು ಕೂರುತ್ತಿರಲಿಲ್ಲ. (ಯಾರಿಗಾದರೂ ಹಾಗೆ ಅನ್ನಿಸುತ್ತಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416, ಕನ್ನಡದಲ್ಲೇ ಮಾತಾಡಬಹುದು.) ಇವನಿಗೆ ಇದ್ದದ್ದು ಒಂದು ಥರದ ನಾಚಿಕೆ. ಯಾತಕ್ಕೆ ನಾಚಿಕೆ ಎಂದು ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಾಗಲಿಲ್ಲ.

ಎರಡನೇ ಭೇಟಿಗೆ ಅವನ 'ಲೈಬ್ರರಿ' ತರಲು ಹೇಳಿದ್ದೆ. ಇನ್ನೂರು ಪುಟದ 11 ನೋಟ್‌ಬುಕ್. ಹಿಂದೆ ವಿಷಯಸೂಚಿ. ದುಡ್ಡಿನ ಪಾಠಕ್ಕೆ ಕೆಂಪು ಗೆರೆ, ಗಿರಾಕಿಯ ಪಾಠಕ್ಕೆ ನೀಲಿ, ಕೆಲಸದವರ ಬಗ್ಗೆ ಹಸಿರು. ಅದರ ನಕಲು ಫೋನಿನಲ್ಲೂ ಇತ್ತು, 'ಸಾಲ' ಎಂದು ಹುಡುಕಿದರೆ ಯಾರು ಯಾರು ಏನು ಹೇಳಿದ್ದಾರೆ ಎಂದು ಒಟ್ಟಿಗೆ ಬರುತ್ತಿತ್ತು. ನಿಜ ಹೇಳುತ್ತೇನೆ, ನನಗೆ ಹೊಟ್ಟೆಕಿಚ್ಚಾಯಿತು. ನನ್ನ ಇಪ್ಪತ್ತು ವರ್ಷದ ಟಿಪ್ಪಣಿಗಳು ಮೂರು ರಟ್ಟಿನ ಡಬ್ಬದಲ್ಲಿ ಗೆದ್ದಲಿಗೆ ಕಾಯುತ್ತಿವೆ.

"ಓದೋದು ಬಿಡು ಅಂತೀರಿ ಅಂದ್ಕೊಂಡಿದ್ದೆ" ಎಂದ. ಎಲ್ಲರೂ ಅದನ್ನೇ ಹೇಳಿದ್ದರಂತೆ. ನಾನು ಹೇಳಲಿಲ್ಲ. ಆ ಮನೆಯಲ್ಲಿ ವ್ಯಾಪಾರ ಮಾಡಿದವರು ಯಾರೂ ಇಲ್ಲ. ಕೇಳಲು ಹಿರಿಯರಿಲ್ಲದ ಹುಡುಗ ಪುಸ್ತಕದಲ್ಲಿ ಹಿರಿಯರನ್ನು ಹುಡುಕಿಕೊಂಡಿದ್ದಾನೆ. ಅದನ್ನು ಕಿತ್ತುಕೊಂಡರೆ ಉಳಿಯುವುದು ಫೋನಿನ ರೀಲ್ಸ್ ಅಷ್ಟೇ. ಬದಲಿಗೆ ಅವನಿಗೆ ಎಲ್ಲಕ್ಕಿಂತ ಇಷ್ಟವಾದ ಪುಸ್ತಕವನ್ನು ಕೇಳಿ ಪಡೆದೆ. ವಾಲ್‌ಮಾರ್ಟ್ ಕಟ್ಟಿದ ಸ್ಯಾಮ್ ವಾಲ್ಟನ್‌ನ ಆತ್ಮಕಥೆ. ಒಂದು ವಾರ ಕೂತು ಓದಿದೆ. ನನ್ನ ಜೊತೆಯ ಒಬ್ಬ ಆಪ್ತಸಲಹೆಗಾರರು ಇದನ್ನು ಕೇಳಿ, "ನೀವೇನು ಬಿಸಿನೆಸ್ ಹೇಳಿಕೊಡೋಕೆ ಕೂತಿದ್ದೀರಾ?" ಎಂದು ತಮಾಷೆ ಮಾಡಿದರು. ಮಾಡಲಿ. ಬಂದವನು ಯಾವ ಲೋಕದಲ್ಲಿ ಓಡಾಡುತ್ತಿದ್ದಾನೆ ಎಂದು ನೋಡದೆ, ಇದು ಕೆಲಸ ಮುಂದೂಡುವ ಚಟ ಎಂದು ಚೀಟಿ ಅಂಟಿಸಿ ಕಳಿಸುವುದು ನನ್ನಿಂದ ಆಗದು.

ಮೂರನೇ ಭೇಟಿಯ ಮಾತು ನನಗೆ ಹೆಚ್ಚುಕಡಿಮೆ ಇದ್ದ ಹಾಗೇ ನೆನಪಿದೆ. ಹೊರಗೆ ಜೋರು ಮಳೆ, ಅಕ್ಟೋಬರ್ ಬಂದರೂ ಬಿಟ್ಟಿರಲಿಲ್ಲ. ಅದರ ಸದ್ದಿಗೆ ಸ್ವಲ್ಪ ಗಟ್ಟಿಯಾಗಿಯೇ ಮಾತಾಡಬೇಕಿತ್ತು.

"ವಾಲ್ಟನ್ ಪುಟ ತೆಗಿ. ಮೊದಲನೇ ಪಾಠ ಓದು."

"ಸೊನ್ನೆಯಿಂದ ಶುರು ಮಾಡು."

"ಆಮೇಲೆ?"

"ಸೋತರೂ ಎದ್ದು ನಿಲ್ಲು."

"ಅವನು ಎಲ್ಲಿ ಸೋತ?"

ಅವನಿಗೆ ಗೊತ್ತಿತ್ತು. ಪಟಪಟ ಹೇಳಿದ. 1945ರಲ್ಲಿ ಅರ್ಕನ್ಸಾ ರಾಜ್ಯದ ನ್ಯೂಪೋರ್ಟ್ ಎನ್ನುವ ಸಣ್ಣ ಪೇಟೆಯಲ್ಲಿ ವಾಲ್ಟನ್ ಒಂದು ಅಂಗಡಿ ಕೊಂಡ. ಚೆನ್ನಾಗಿ ನಡೆಸಿದ. ಆದರೆ ಬಾಡಿಗೆ ಕರಾರಿನಲ್ಲಿ ಅವಧಿ ಮುಗಿದ ಮೇಲೆ ಮುಂದುವರಿಸುವ ಮಾತೇ ಇರಲಿಲ್ಲ. ಕಟ್ಟಡದ ಮಾಲೀಕ ಅದನ್ನು ತನ್ನ ಮಗನಿಗೆ ಬೇಕು ಎಂದ. ಐದು ವರ್ಷಕ್ಕೆ ಅಂಗಡಿ ಕೈಬಿಟ್ಟುಹೋಯಿತು.

"ಇಷ್ಟು ಚೆನ್ನಾಗಿ ಹೇಳಿದೆ. ಹಾಗಾದರೆ ಪಾಠ ಏನು?"

"ಸೋತರೂ..." ಎಂದವನು ಅರ್ಧಕ್ಕೆ ನಿಲ್ಲಿಸಿದ. "ಕರಾರು ಸರಿಯಾಗಿ ಓದಬೇಕು ಅಂತ."

"ಬರೆದಿದ್ದೀಯಾ?"

"ಇಲ್ಲ."

ನಾನು ಅಲ್ಲಿಗೇ ನಿಲ್ಲಿಸಬಹುದಿತ್ತು. ಇನ್ನೊಂದು ಪ್ರಶ್ನೆ ಇತ್ತು, ಅದನ್ನೂ ಕೇಳಿದೆ. "ಆ ಅಂಗಡಿಗೆ ದುಡ್ಡು ಎಲ್ಲಿಂದ ಬಂತು?"

"25 ಸಾವಿರ ಡಾಲರ್. ಐದು ಸಾವಿರ ಅವನದ್ದು. 20 ಸಾವಿರ ಮಾವ ಸಾಲ ಕೊಟ್ಟದ್ದು." ಹೆಂಡತಿಯ ಅಪ್ಪ. ಇದೂ ಅವನಿಗೆ ಬಾಯಿಪಾಠ.

"ಅದನ್ನ ಎಲ್ಲಿ ಬರೆದಿದ್ದೀಯಾ?"

ಸುಮ್ಮನಾದ. ನೋಟ್‌ಬುಕ್ ತಿರುವಿದ. ಇಲ್ಲ ಎಂದು ಅವನಿಗೆ ಗೊತ್ತಿತ್ತು, ಆದರೂ ತಿರುವಿದ. ಆಮೇಲೆ ಸ್ವಲ್ಪ ಸಿಟ್ಟಿನಲ್ಲೇ, "ಅದು ಪಾಠ ಅಲ್ವಲ್ಲ ಮೇಡಂ" ಎಂದ.

"ಯಾಕೆ ಅಲ್ಲ?"

"ಮಾವ ದುಡ್ಡು ಕೊಟ್ಟ ಅಂತ ಬರೆದ್ರೆ ಅವನು ತಾನೇ ಕಟ್ಟಿದ ಹಾಗೆ ಆಗಲ್ವಲ್ಲ."

ಈ ಮಾತು ಹೇಳಿ ಅವನೇ ಕಿಟಕಿ ಕಡೆ ನೋಡಿದ. ನಾನು ಏನೂ ಹೇಳಲಿಲ್ಲ. ಎರಡು ನಿಮಿಷ ಇರಬಹುದು, ಆಮೇಲೆ ಹೇಳಿದ. ಹಿಂದಿನ ವರ್ಷ ಚಾಲಿ (ಒಣಗಿಸಿ ಸುಲಿದ ಅಡಿಕೆ) ಮಾರಿ ಬಂದ ದುಡ್ಡಿನಲ್ಲಿ ಎರಡು ಲಕ್ಷ ಅಪ್ಪಯ್ಯ ಕೊಡಲು ಬಂದಿದ್ದರಂತೆ. ಇವನು ಬೇಡ ಎಂದಿದ್ದ. ನನ್ನ ಕಾಲ ಮೇಲೆ ನಾನು ನಿಲ್ಲಬೇಕು ಎಂದಿದ್ದ. ಅಪ್ಪಯ್ಯ ಆ ಕವರನ್ನು ವಾಪಸ್ ಒಳಗೆ ಇಟ್ಟು, ಆಯಿಯ ಹತ್ತಿರ, "ನನ್ನ ದುಡ್ಡು ಅವನಿಗೆ ಮೈಲಿಗೆ" ಎಂದರಂತೆ. ಅವತ್ತಿನಿಂದ ಅಪ್ಪ ಮಗನಿಗೆ ಮಾತು ಕಮ್ಮಿ. ಬೆಂಚಿನ ಮೇಲೆ ಪುಟ ತಿರುವದೆ ಕೂತ ಮನುಷ್ಯ ನನಗೆ ಆಗ ಅರ್ಥವಾದರು.

ಆಮೇಲೆ ಇಬ್ಬರೂ ಸೇರಿ ನೋಟ್‌ಬುಕ್‌ಗಳನ್ನು ಹೊಸದಾಗಿ ನೋಡಿದೆವು. ನೈಕಿ ಕಟ್ಟಿದ ಫಿಲ್ ನೈಟ್‌ನ ಪುಟದಲ್ಲಿ 'ಧುಮುಕಿಬಿಡು' ಎಂದಿತ್ತು. ಆದರೆ ಆತ 1964ರಲ್ಲಿ ತನ್ನ ಕೋಚ್ ಜೊತೆ ಸೇರಿ, ತಲೆಗೆ 500 ಡಾಲರ್ ಹಾಕಿ ಶೂ ವ್ಯಾಪಾರ ಶುರು ಮಾಡಿದ ಮೇಲೂ 1969ರ ತನಕ ಲೆಕ್ಕಪತ್ರದ ಕೆಲಸ ಮಾಡಿದ, ಕಾಲೇಜಿನಲ್ಲಿ ಪಾಠ ಹೇಳಿದ. ಐದು ವರ್ಷ ಸಂಬಳ ಬಿಟ್ಟಿರಲಿಲ್ಲ. ನಮ್ಮ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಪುಟದಲ್ಲಿ 'ದೊಡ್ಡ ಕನಸು ಕಾಣು', 'ಒಂದು ರೂಪಾಯಿ ಟಿಕೆಟ್'. ಅವರ ಅಗ್ಗದ ವಿಮಾನ ಕಂಪನಿ ಏರ್ ಡೆಕ್ಕನ್ ಹಾರಿದ್ದು 2003ರಲ್ಲಿ. ಅದಕ್ಕೆ ಮೊದಲಿನ ತೋಟ, ಹೈನು, ರೇಷ್ಮೆ, ಆಮೇಲೆ ಹೆಲಿಕಾಪ್ಟರ್ ಕಂಪನಿ, ಆ ವರ್ಷಗಳಿಗೆ ನೋಟ್‌ಬುಕ್ಕಿನಲ್ಲಿ ಒಂದು ಸಾಲೂ ಇಲ್ಲ. 2007ರಲ್ಲಿ ಕಿಂಗ್‌ಫಿಷರ್‌ನವರಿಗೆ ಪಾಲು ಮಾರಬೇಕಾಗಿ ಬಂದದ್ದೂ ಇಲ್ಲ.

ಪುಸ್ತಕದ ತಪ್ಪಲ್ಲ ಇದು. ಪುಸ್ತಕದಲ್ಲಿ ಮಾವ ಇದ್ದಾನೆ, ಸಂಬಳ ಇದೆ, ಹೋದ ಅಂಗಡಿ ಇದೆ. ಇವನು ಬರೆದುಕೊಳ್ಳುವಾಗ ಅವನ್ನೆಲ್ಲ ಸುಲಿದು ಎಸೆದು, ಒಳಗಿನ ಅಡಿಕೆಯನ್ನು ಮಾತ್ರ ಇಟ್ಟುಕೊಂಡಿದ್ದ. 63 ಪುಸ್ತಕ ಮುಗಿಯುವಾಗ ಅವನ ಎದುರು ಒಬ್ಬ ಮನುಷ್ಯ ನಿಂತಿದ್ದ. ಯಾರ ದುಡ್ಡೂ ಮುಟ್ಟದ, ಎಲ್ಲೂ ಸಂಬಳಕ್ಕೆ ನಿಲ್ಲದ, ಒಂದೇ ಸಲಕ್ಕೆ ಧುಮುಕಿದ ಮನುಷ್ಯ. ಅಂಥವನು ಆ 63ರಲ್ಲಿ ಒಬ್ಬನೂ ಇಲ್ಲ. ಇಲ್ಲದವನ ಎದುರು ನಿಂತು ದಿನಾ ನಾಚಿಕೆಪಡುತ್ತಿದ್ದ ವಿನಯ. ತೋಟಕ್ಕೆ ಹೋಗಲೂ ನಾಚಿಕೆ, ಯಾಕೆಂದರೆ ತೋಟವೂ ಅಪ್ಪನದ್ದೇ.

"ನಿಮ್ಮ ಅಪ್ಪಯ್ಯ ಅಡಿಕೆ ಒಬ್ಬರೇ ಮಾರ್ತಾರಾ?" ಎಂದು ಕೇಳಿದೆ. ಟಿಎಸ್‌ಎಸ್ ಎಂದ. ಶಿರಸಿಯ ತೋಟಗಾರರು ಸೇರಿ ಆ ಸೊಸೈಟಿ ಮಾಡಿಕೊಂಡದ್ದು 1923ರಲ್ಲಿ. ನೂರು ವರ್ಷದಿಂದ ಒಟ್ಟಿಗೆ ಮಾರಿದವರ ಮನೆ ಹುಡುಗನಿಗೆ, ಇನ್ನೊಬ್ಬರ ಕೈ ಹಿಡಿದರೆ ಸೋಲು ಎಂದು ಯಾರು ಹೇಳಿಕೊಟ್ಟರೋ! ಇಷ್ಟು ಬಿಸಿಯಾಗಿ ನಾನು ಅವನ ಎದುರು ಹೇಳಲಿಲ್ಲ ಅನ್ನಿ. ಇಲ್ಲಿ ಹೇಳುತ್ತಿದ್ದೇನೆ.

ಕೊಟ್ಟ ಸಲಹೆ ಹೀಗಿತ್ತು. ಲೈಬ್ರರಿ ಇರಲಿ, ಆದರೆ 63 ಜನ ಬೇಡ, ಹತ್ತು ಜನರನ್ನು ಆರಿಸಿಕೋ. ಒಬ್ಬರಿಗೆ ಒಂದು ಕಾರ್ಡು. ಪಾಠ ಬರೆಯುವ ಮೊದಲು ದುಡ್ಡು ಯಾರದ್ದು, ಆಗ ಊಟಕ್ಕೆ ಏನು ಮಾಡುತ್ತಿದ್ದ, ಮನೆಯಲ್ಲಿ ಯಾರು ದುಡಿದರು, ಏನು ಕಳೆದುಕೊಂಡ, ಇವನ್ನು ಬರೆ. ಅದರ ಕೆಳಗೆ ಪಾಠ ಒಂದೇ ಸಾಲು, ಅದರಲ್ಲಿ ಕೈಯಿಂದ ಮಾಡುವ ಕೆಲಸ ಒಂದಿರಬೇಕು. 'ಎದ್ದು ನಿಲ್ಲು' ನಡೆಯುವುದಿಲ್ಲ, 'ಕರಾರು ಓದು' ನಡೆಯುತ್ತದೆ. ಕಾರ್ಡಿನ ಹಿಂದೆ ನೀನು ಮಾಡಿ ನೋಡಿದ್ದು, ತಾರೀಕು, ಖರ್ಚು, ಏನಾಯಿತು. ಒಂದು ಪ್ರಯೋಗಕ್ಕೆ 500 ರೂಪಾಯಿ ದಾಟಬಾರದು. ಒಂದು ಕಾರ್ಡಿನ ಬೆನ್ನು ತುಂಬದೆ ಹೊಸ ಪುಸ್ತಕ ತೆಗೆಯುವ ಹಾಗಿಲ್ಲ.

500 ರೂಪಾಯಿ ಎಂದಾಗ ಅವನ ಮುಖ ಸಪ್ಪೆಯಾಯಿತು. ಆಗ ನಮ್ಮ ಕರಾವಳಿಯ ಟಿ.ಎಂ.ಎ. ಪೈ ಅವರ ಹೆಸರು ತೆಗೆದೆ. 1925ರಲ್ಲಿ ಉಡುಪಿಯಲ್ಲಿ ಮೂವರು ಸೇರಿ 8000 ರೂಪಾಯಿ ಬಂಡವಾಳದಲ್ಲಿ ಬ್ಯಾಂಕ್ ಶುರು ಮಾಡಿದರು. 1928ರಲ್ಲಿ ಪಿಗ್ಮಿ ಬಂತು, ದಿನಕ್ಕೆ ಎರಡಾಣೆಯನ್ನೂ ಮನೆ ಬಾಗಿಲಿಗೆ ಹೋಗಿ ತೆಗೆದುಕೊಂಡರು. ಇವತ್ತಿಗೂ ಶಿರಸಿ ಪೇಟೆಯ ಅಂಗಡಿಗಳಿಗೆ ಸಂಜೆ ಪಿಗ್ಮಿಯವರು ಬರುತ್ತಾರಲ್ಲ, ಅದೇ. ಇವರು ಅವನ 63ರಲ್ಲಿ ಇರಲಿಲ್ಲ. ಅವತ್ತೇ ಮೊದಲ ಕಾರ್ಡು ಅವರದ್ದಾಯಿತು.

ಅಪ್ಪಯ್ಯನ ದುಡ್ಡಿನ ವಿಷಯದಲ್ಲಿ ನನ್ನನ್ನು ಬಯ್ಯುವವರು ಇರುತ್ತಾರೆ. ಮನೆಯ ದುಡ್ಡು ಎಂದರೆ ಮನೆಯ ಹಗ್ಗವೂ ಹೌದು, ಅದು ನನಗೂ ಗೊತ್ತು. ಅದಕ್ಕೇ ಇಬ್ಬರನ್ನೂ ಒಟ್ಟಿಗೆ ಕೂರಿಸಿದೆ. ಎರಡು ಲಕ್ಷ ಅಲ್ಲ, 40 ಸಾವಿರ. ಕೊಟ್ಟದ್ದಲ್ಲ, ಸಾಲ. ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದರು. ಮುಳುಗಿದರೆ ಏನು ಎಂದು ಕೇಳಿದೆ. ಅಪ್ಪಯ್ಯ ಯೋಚಿಸಿ, "ಒಂದು ವರ್ಷ ಕೊಳೆ ಬಂತು ಅಂದ್ಕೊಳ್ತೇನೆ" ಎಂದರು. ಮಳೆಗಾಲದಲ್ಲಿ ಔಷಧಿ ಹೊಡೆದರೂ ಕೊಳೆರೋಗಕ್ಕೆ ಅಡಿಕೆ ಉದುರುವುದನ್ನು ಕಂಡವರ ಮಾತು. ಮಗ ತಲೆ ಎತ್ತಿ ಅಪ್ಪನ ಮುಖ ನೋಡಿದ. ಆ ದಿನ ನನಗೆ ಹೆಚ್ಚು ಕೆಲಸ ಇರಲಿಲ್ಲ.

ಆಲೆಮನೆ ಶುರುವಾಯಿತು. ಮೊದಲ ದಿನ ಎಬ್ಬಿಸಿದ ನಾಲ್ಕೂ ಹರಿದವಂತೆ. ಇವನು ಕಂಗಾಲಾದರೆ ಆಯಿ, "ಮೊದಲಿನವು ಮಡಕೆಗೇ ತಮಾ, ಅದು ಕಾಯಬೇಕಲ್ಲ" ಎಂದರಂತೆ. ಹತ್ತು ಡಬ್ಬಿ ತುಂಬಿದರು. ಐದು ಹುಬ್ಬಳ್ಳಿಗೆ ಬಸ್ಸಿನಲ್ಲಿ, ಐದು ಬೆಂಗಳೂರಿಗೆ ಕೊರಿಯರ್‌ನಲ್ಲಿ. ಹುಬ್ಬಳ್ಳಿಯವು ಹೆಚ್ಚುಕಡಿಮೆ ಇಡಿಯಾಗಿ ಮುಟ್ಟಿದವು. ಬೆಂಗಳೂರಿನದ್ದು ಐದೂ ಪುಡಿ. ಎರಡು ವರ್ಷ ಬ್ರ್ಯಾಂಡ್, ಬಂಡವಾಳ, ನಾಯಕತ್ವ ಎಂದು ಬರೆದ ಹನ್ನೊಂದು ನೋಟ್‌ಬುಕ್ಕಿನಲ್ಲಿ ಎಲ್ಲೂ, ತೊಡೆದೇವು ದಾರಿಯಲ್ಲಿ ಒಡೆಯುತ್ತದೆ ಎಂಬ ಮಾತು ಇರಲಿಲ್ಲ.

ಈಗ ಡಬ್ಬಿಯೊಳಗೆ ಏನು ಹಾಕಿದರೆ ಒಡೆಯುವುದಿಲ್ಲ ಎಂದು ನೋಡುತ್ತಿದ್ದಾನೆ. ಬಾಳೆಯ ಒಣಗಿದ ಎಲೆ, ಅಡಿಕೆ ಹಾಳೆಯ ತಟ್ಟೆ, ಹೀಗೆ. ಆಹಾರ ಮಾರಾಟದ ನೋಂದಣಿಗೆ ಅರ್ಜಿ ಹಾಕಿದ್ದಾನೆ. ವ್ಯಾಪಾರ ನಡೆಯುತ್ತದೋ ಇಲ್ಲವೋ, ನನಗೆ ಅಂದಾಜಿಲ್ಲ. ನಿದ್ದೆ ಹನ್ನೊಂದಕ್ಕೆ ಬಂದಿದೆ, ತೋಟದಲ್ಲಿ ಅಡಿಕೆಯ ಕೊನೆಕೊಯ್ಲಿಗೆ ಹೋಗಿದ್ದನಂತೆ.

ಕೊನೆಯ ಭೇಟಿಗೆ ಒಂದು ಡಬ್ಬಿ ಹಿಡಿದು ಬಂದ. ಉಡುಗೊರೆ ತೆಗೆದುಕೊಳ್ಳುವ ಪದ್ಧತಿ ನನಗಿಲ್ಲ, ದುಡ್ಡು ಕೊಟ್ಟೆ. ಚಿಲ್ಲರೆ ವಾಪಸ್ ಎಣಿಸಿ ಕೊಟ್ಟು, ಜೇಬಿನಿಂದ ಕಾರ್ಡು ತೆಗೆದು ಅದರ ಬೆನ್ನಿಗೆ ಏನೋ ಬರೆದ. ಕೇಳಿದೆ, ತೋರಿಸಿದ.

"ಶಿರಸಿಯಲ್ಲಿ ಒಂದು ಡಬ್ಬಿ. ಮೇಡಂ ಕೊಂಡರು. ಪರಿಚಯದವರು, ಲೆಕ್ಕಕ್ಕಿಲ್ಲ."