ಸೈಜ್ ಕೇಳಿ, ಕಾರಣ ಕೇಳಬೇಡಿ

ಪ್ರಶ್ನೆ: ಅಕ್ಕಾ, ನಮ್ಮದು ಶಿವಮೊಗ್ಗದ ದುರ್ಗಿಗುಡಿ ಕಡೆ ಸರ್ಜಿಕಲ್ ಅಂಗಡಿ. ವಾಕರ್, ಏರ್ ಬೆಡ್, ಯೂರಿನ್ ಬ್ಯಾಗ್, ದೊಡ್ಡವರ ಡೈಪರ್ ಎಲ್ಲ ಇಟ್ಟಿದ್ದೇವೆ. ಬರುವವರು ಹೆಚ್ಚಾಗಿ ಆಸ್ಪತ್ರೆಯಿಂದ ಡಿಸ್ಚಾರ್ಜ್ ಆದವರ ಮನೆಯವರು. ಈಚೆಗೆ ಒಬ್ಬರು ತಪ್ಪದೆ ಬಂದು ಡೈಪರ್ ಒಯ್ಯುತ್ತಾರೆ. ಮೂವತ್ತರ ಆಸುಪಾಸು, ಗಟ್ಟಿಮುಟ್ಟಾಗಿದ್ದಾರೆ. ಯಾರಿಗೆ ಅಂತ ನಮ್ಮ ಹುಡುಗ ಕೇಳಿದ್ದಕ್ಕೆ ಮೊದಲು ‘ಅಜ್ಜನಿಗೆ’ ಅಂದರು. ಆಮೇಲೆ ಒಂದು ದಿನ ಅಂಗಡಿ ಖಾಲಿ ಇದ್ದಾಗ ನನ್ನ ಹತ್ತಿರ ನೇರವಾಗಿ ಹೇಳಿದರು: ‘ನನಗೇ ಸರ್. ಕಾಯಿಲೆ ಏನಿಲ್ಲ. ಹಾಕಿಕೊಂಡರೆ ಸಮಾಧಾನ ಅನಿಸುತ್ತೆ, ಅಷ್ಟೆ. ನನ್ನಂಥವರು ಬೇರೆ ಊರಲ್ಲೂ ಇದ್ದಾರೆ.’ ದಪ್ಪ ಇರೋದು, ಹೊರಗಡೆ ಪ್ಲಾಸ್ಟಿಕ್ ಇರೋದು ತರಿಸಿಕೊಡಿ ಅಂತಾರೆ. ಹಣ ಮುಂಗಡ ಕೊಡಲೂ ತಯಾರು. ನನ್ನ ಹೆಂಡತಿ ‘ನಮಗ್ಯಾಕೆ ಬೇಕು ಇದೆಲ್ಲ’ ಅಂತಾಳೆ. ಮಾರಬಹುದಾ? ಕಾನೂನಿನ ತೊಂದರೆ ಏನಾದರೂ ಬರುತ್ತಾ? ರೋಗಿಗಳಿಗೆ ಸಿಗಬೇಕಾದ ಮಾಲು ಇಂಥವರ ಪಾಲಾಗಲ್ವಾ?

– ಹೆಸರು ಬೇಡ, ಶಿವಮೊಗ್ಗ

ಉತ್ತರ: ಮಾರಿ. ಧೈರ್ಯವಾಗಿ ಮಾರಿ. ಡೈಪರ್ ಕೊಳ್ಳಲು ಡಾಕ್ಟರ ಚೀಟಿ ಬೇಕಿಲ್ಲ. ಅದು ಔಷಧಿ ಅಲ್ಲ. ವಯಸ್ಸಿಗೆ ಬಂದ ಒಬ್ಬ ಮನುಷ್ಯ ತನ್ನ ದುಡ್ಡಿನಲ್ಲಿ ತನಗೆ ಬೇಕಾದ್ದನ್ನು ತೆಗೆದುಕೊಂಡು ಹೋಗಿ, ತನ್ನ ಮನೆಯಲ್ಲಿ ಹಾಕಿಕೊಳ್ಳುತ್ತಾರೆ. ಇದರಲ್ಲಿ ಯಾವ ಕಾನೂನೂ ಅಡ್ಡ ಬರುವುದಿಲ್ಲ. ಬಿಲ್ ಕೊಡಿ, ಎಂಆರ್‌ಪಿ ಮೀರಬೇಡಿ. ಎಲ್ಲ ಗಿರಾಕಿಗಳಿಗೂ ಮಾಡುವುದು ಅಷ್ಟೇ ಅಲ್ವಾ?

ನಿಮ್ಮ ಮನೆಯವರ ಅಳುಕು ನನಗೆ ಅರ್ಥವಾಗುತ್ತೆ. ಕೇಳಿರದ ವಿಷಯ ಯಾರಿಗಾದರೂ ವಿಚಿತ್ರ ಅನಿಸುತ್ತೆ. ಅವರಿಗೆ ಇಷ್ಟು ಹೇಳಿ. ಕಾಯಿಲೆ ಇಲ್ಲದೆಯೂ ಡೈಪರ್ ಹಾಕಿಕೊಳ್ಳುವ ದೊಡ್ಡವರು ಬೇರೆ ಬೇರೆ ದೇಶಗಳಲ್ಲಿ ಇದ್ದಾರೆ, ನಮ್ಮಲ್ಲೂ ಇದ್ದಾರೆ. ಕೆಲವರಿಗೆ ಅದರಿಂದ ಟೆನ್ಷನ್ ಇಳಿಯುತ್ತೆ, ಕೆಲವರಿಗೆ ನಿದ್ದೆ ಚೆನ್ನಾಗಿ ಬರುತ್ತೆ, ಕೆಲವರದು ಸುಮ್ನೆ ಒಂದು ಖಾಸಗಿ ಇಷ್ಟ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಕೈಪಿಡಿ, ಅಪರೂಪದ ಆಸಕ್ತಿಗೂ ಕಾಯಿಲೆಗೂ ನಡುವೆ ಗೆರೆ ಎಳೆದಿದೆ. ಆ ಆಸಕ್ತಿಯಿಂದ ಅವರೇ ನರಳುತ್ತಿದ್ದರೆ, ಇಲ್ಲವೇ ಇನ್ನೊಬ್ಬರಿಗೆ ತೊಂದರೆ ಆಗುತ್ತಿದ್ದರೆ ಮಾತ್ರ ಅದು ಕಾಯಿಲೆಯ ಲೆಕ್ಕಕ್ಕೆ ಬರುತ್ತೆ. ನಿಮ್ಮ ಗಿರಾಕಿ ನರಳುತ್ತಿಲ್ಲ, ಯಾರಿಗೂ ತೊಂದರೆ ಕೊಡುತ್ತಿಲ್ಲ. ಅವರು ನರಳಿದ್ದು ‘ಯಾರಿಗೆ?’ ಅಂತ ನಿಮ್ಮ ಹುಡುಗ ಕೇಳಿದಾಗ.

ಆ ಪ್ರಶ್ನೆಯ ಬಗ್ಗೆ ನಾನು ಸ್ವಲ್ಪ ಜಾಸ್ತಿಯೇ ಹೇಳಬೇಕು. ನಮ್ಮ ಮಲೆನಾಡಿನಲ್ಲಿ ಯಾರನ್ನು ಕಂಡರೂ ‘ಯಾವೂರಾಯ್ತು? ಯಾರ ಮನೆಯವರು?’ ಅಂತ ಕೇಳುವ ರೂಢಿ. ಬಸ್‌ಸ್ಟ್ಯಾಂಡಿನಲ್ಲಿ ಅದು ಚಂದ. ಡೈಪರ್ ಇಟ್ಟ ಕೌಂಟರಿನಲ್ಲಿ ಚಂದ ಅಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿದ್ದ ಕಾಲದಲ್ಲಿ ನಾನೇ ಕಣ್ಣಾರೆ ನೋಡಿದ್ದು ಹೇಳುತ್ತೇನೆ. ಒಂದು ಮೆಡಿಕಲ್ ಅಂಗಡಿಗೆ ರಿಟೈರ್ ಆದ ಮೇಷ್ಟ್ರು ಒಬ್ಬರು ಬಂದಿದ್ದರು. ಪ್ರಾಸ್ಟೇಟ್ ಆಪರೇಷನ್ ಆಗಿ ಮನೆಗೆ ಹೋದವರು, ಮೂತ್ರ ಹಿಡಿತಕ್ಕೆ ಬಂದಿರಲಿಲ್ಲ. ಮೆಲ್ಲಗೆ ಡೈಪರ್ ಕೇಳಿದರು. ಹುಡುಗ ಅಟ್ಟದ ಕಡೆ ತಿರುಗಿ, ‘ಅಣ್ಣಾ, ದೊಡ್ಡೋರ ಡೈಪರ್ ಎಲ್ಲಿಟ್ಟಿದೀಯಾ?’ ಅಂತ ಕೂಗಿದ. ನಿಂತಿದ್ದವರೆಲ್ಲ ತಿರುಗಿ ನೋಡಿದರು. ಅವರಲ್ಲಿ ಒಬ್ಬ ಇವರ ಹಳೇ ಶಿಷ್ಯ. ‘ಏನ್ ಸಾರ್, ಮನೇಲಿ ಯಾರಿಗೆ ಹುಷಾರಿಲ್ಲ?’ ಅಂದ. ಮೇಷ್ಟ್ರು ಒಂದು ಕೆಮ್ಮಿನ ಸಿರಪ್ ತೆಗೆದುಕೊಂಡು, ಕೊಡೆ ಬಿಚ್ಚಿಕೊಂಡು ಹೋದರು. ಡೈಪರ್ ತಗೊಳ್ಳಲೇ ಇಲ್ಲ.

ನಿಮ್ಮ ಗಿರಾಕಿಗೆ ಬೇಕಾದ್ದೂ ಆ ಮೇಷ್ಟ್ರಿಗೆ ಬೇಕಾಗಿದ್ದೂ ಒಂದೇ: ಕೂಗದ, ಕೆದಕದ ಅಂಗಡಿ. ಒಬ್ಬರಿಗೆ ಬಾಗಿಲು ಮುಚ್ಚಬೇಕು ಅಂತ ಹೊರಟರೆ ಎಲ್ಲರನ್ನೂ ‘ನಿಮಗೆ ಯಾಕೆ?’ ಅಂತ ಕೇಳಬೇಕಾಗುತ್ತೆ. ಆಗ ಮೊದಲು ವಾಪಸ್ ಹೋಗುವುದು ಮೇಷ್ಟ್ರಂಥವರು. ಹೆರಿಗೆ ಆದಮೇಲೆ ಕೆಮ್ಮಿದರೆ ಸೀನಿದರೆ ಮೂತ್ರ ಜಿನುಗುವ ಹೆಣ್ಣುಮಕ್ಕಳು, ಬೆನ್ನುಹುರಿಗೆ ಪೆಟ್ಟು ಬಿದ್ದ ಹುಡುಗರು, ಶುಗರ್ ಇರುವವರು, ಇವರೂ ನೋಡಲು ಗಟ್ಟಿಮುಟ್ಟಾಗಿಯೇ ಇರಬಹುದು. ಮುಖ ನೋಡಿ ಯಾರಿಗೆ ಅಗತ್ಯ, ಯಾರಿಗೆ ಹವ್ಯಾಸ ಅಂತ ಹೇಳಲು ಆಗುವುದಿಲ್ಲ. ಹೇಳುವ ಅಗತ್ಯವೂ ಇಲ್ಲ.

2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂತ ಒಮ್ಮತದಿಂದ ತೀರ್ಪು ಕೊಟ್ಟರು. ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ತೀರ್ಪು ಬಂದಿದ್ದು ಸರ್ಕಾರದ ವಿಷಯಕ್ಕೆ, ನಿಮ್ಮ ಅಂಗಡಿಯನ್ನು ಕುರಿತಲ್ಲ. ಆದರೂ ಒಬ್ಬ ಮನುಷ್ಯನ ಮೈಯ ವಿಷಯ ಅವನದೇ ಅನ್ನುವ ಮಾತು ಕೌಂಟರಿಗೂ ಸಲ್ಲುತ್ತೆ ಅಂತ ನಾನು ನಂಬಿದ್ದೇನೆ.

ಇನ್ನು ಮಾಲು ಕಡಿಮೆ ಆಗುತ್ತೆ ಅನ್ನುವ ಚಿಂತೆ. ಆಗುವುದು ಇದಕ್ಕೆ ತದ್ವಿರುದ್ಧ. ನಮ್ಮ ಕಡೆ ಸಾಮಾನ್ಯವಾಗಿ ಸಿಗುವುದು ಹಗಲಿಗೆ ಸಾಕಾಗುವಂಥ ಟೇಪ್ ಡೈಪರ್, ಪ್ಯಾಂಟ್ ಡೈಪರ್. ರಾತ್ರಿಯೆಲ್ಲ ತಡೆಯುವ ದಪ್ಪ ಡೈಪರ್ ಕೇಳಿದರೆ ‘ಬರಲ್ಲ’ ಅನ್ನುವ ಉತ್ತರ. ಯಾಕೆಂದರೆ ಒಂದೋ ಎರಡೋ ಪ್ಯಾಕಿಗಾಗಿ ಡಿಸ್ಟ್ರಿಬ್ಯೂಟರ್ ಗಾಡಿ ಕಳಿಸುವುದಿಲ್ಲ. ಈ ಗಿರಾಕಿ ಒಂದು ಬಾಕ್ಸಿಗೆ ಮುಂಗಡ ಕೊಟ್ಟರೆ, ಅದರ ಜೊತೆ ಇನ್ನೊಂದು ಬಾಕ್ಸ್ ತರಿಸಿಡಿ. ಸ್ಟ್ರೋಕ್ ಆಗಿ ಮಲಗಿದ ಅಪ್ಪನ ಮಗ್ಗುಲು ಬದಲಿಸಿ, ಒದ್ದೆ ಹಾಸಿಗೆ ತೆಗೆದು, ನಡುರಾತ್ರಿ ಎರಡೆರಡು ಸಲ ಏಳುವ ಮಗಳಿಗೆ ಅದು ಎಷ್ಟು ದೊಡ್ಡ ಉಪಕಾರ ಗೊತ್ತಾ?

ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ನಾರ್ತ್‌ಶೋರ್ ಕೇರ್ ಸಪ್ಲೈ ಅಂತ ಒಂದು ಸಂಸ್ಥೆ ಇದೆ. 2002ರಲ್ಲಿ ಶುರುವಾಗಿದ್ದು, ಮೂತ್ರ ನಿಯಂತ್ರಣ ಇಲ್ಲದವರಿಗೆ ಬೇಕಾದ ಸಾಮಾನು ಮಾರುತ್ತೆ. ಅವರ ಮೆಗಾಮ್ಯಾಕ್ಸ್ ಅನ್ನುವ ದಪ್ಪ ಡೈಪರ್ ಬಿಳಿ ಬಣ್ಣದ ಜೊತೆಗೆ ಕಪ್ಪು, ನೀಲಿ, ಗುಲಾಬಿ ಬಣ್ಣಗಳಲ್ಲೂ ಬರುತ್ತೆ. ಕಾಯಿಲೆಯವರೂ ತೆಗೆದುಕೊಳ್ಳಬಹುದು, ಇಷ್ಟಪಟ್ಟವರೂ ತೆಗೆದುಕೊಳ್ಳಬಹುದು. ಬಣ್ಣ ಇದ್ದರೆ ಕಾಯಿಲೆಯವರಿಗೂ ಅದು ಆಸ್ಪತ್ರೆ ಸಾಮಾನು ಅನಿಸುವುದಿಲ್ಲ. ಇದು ನನಗೆ ಬಹಳ ಹಿಡಿಸಿದ ವಿಷಯ.

ಇಂಥ ಗಿರಾಕಿಗಳಿಂದ ನೀವು ಕಲಿಯುವುದೂ ಇದೆ. ಅವರು ಮಾಲನ್ನು ಚೆನ್ನಾಗಿ ಬಲ್ಲವರು. ಪ್ಯಾಕ್ ಮೇಲೆ ಬರೆದ ಮಿಲಿಲೀಟರ್ ನಂಬಬೇಡಿ ಅಂತ ಅವರೇ ಹೇಳಬಹುದು, ಮತ್ತು ಅದು ನಿಜ. ಐಎಸ್‌ಒ 11948-1 ಅಂತ ಒಂದು ಅಳತೆಯ ವಿಧಾನ ಇದೆ. ಅದರಲ್ಲಿ ಡೈಪರನ್ನು ಪೂರ್ತಿ ದ್ರವದಲ್ಲಿ ಮುಳುಗಿಸಿ, ಎತ್ತಿ ಸೋರಲು ಬಿಟ್ಟು ತೂಗುತ್ತಾರೆ. ಮೈಮೇಲೆ ಹಾಕಿಕೊಂಡು ಕೂತಾಗ, ಮಗ್ಗುಲಾಗಿ ಮಲಗಿದಾಗ ಅಷ್ಟು ಹಿಡಿಯುವುದಿಲ್ಲ. ಒಳಗಿರುವ ಹರಳಿನಂಥ ಪುಡಿ, ಸೋಡಿಯಂ ಪಾಲಿಅಕ್ರಿಲೇಟ್, ಶುದ್ಧ ನೀರನ್ನು ತನ್ನ ತೂಕದ ನೂರಾರು ಪಟ್ಟು ಹೀರುತ್ತೆ. ಮೂತ್ರದಲ್ಲಿ ಉಪ್ಪಿನಂಶ ಇರುವುದರಿಂದ ಅಲ್ಲಿ ಅದರ ಶಕ್ತಿ ಬಹಳ ತಗ್ಗುತ್ತೆ. ಅಂಗಡಿಯಲ್ಲಿ ನೀರು ಸುರಿದು ಡೆಮೋ ತೋರಿಸುವ ಸೇಲ್ಸ್‌ನವರ ಮಾತು ಕೇಳುವಾಗ ಇದು ನೆನಪಿರಲಿ.

ಹೊರಗಡೆ ಪ್ಲಾಸ್ಟಿಕ್ ಬೇಕು ಅನ್ನುವುದಕ್ಕೂ ಕಾರಣ ಇದೆ. ಬಟ್ಟೆಯಂಥ ಹೊದಿಕೆಯದು ಗಾಳಿಯಾಡುತ್ತೆ, ಚರ್ಮಕ್ಕೆ ಒಳ್ಳೆಯದು. ಪ್ಲಾಸ್ಟಿಕ್ ಹೊದಿಕೆಯದು ಬೆವರಿಸುತ್ತೆ, ಸರಬರ ಸದ್ದು ಮಾಡುತ್ತೆ. ಆದರೆ ಹೊರಗೆ ತೇವ ಜಿನುಗುವುದು ಕಡಿಮೆ. ಹವ್ಯಾಸದವರಿಗೆ ಆ ಹಳೇ ಕಾಲದ ಸದ್ದು, ಸ್ಪರ್ಶವೇ ಇಷ್ಟ. ಎರಡು ಥರವೂ ಇಟ್ಟುಕೊಳ್ಳಿ. ಇನ್ನೊಂದು ಮಾತು, ಸೊಂಟದ ಅಳತೆ ಇಂಚಿನಲ್ಲಿ ಕೇಳಿ. ಒಂದು ಕಂಪನಿಯ ಲಾರ್ಜ್ ಇನ್ನೊಂದು ಕಂಪನಿಯ ಮೀಡಿಯಂಗೆ ಸಮ ಇರಬಹುದು. ತೊಡೆಯ ಹತ್ತಿರ ಸಡಿಲ ಇದ್ದರೆ ಎಷ್ಟು ದಪ್ಪದ್ದಾದರೂ ಸೋರುತ್ತೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ಯಾಕುಗಳನ್ನು ನೆಲಕ್ಕೆ, ಗೋಡೆಗೆ ತಾಗಿಸಿ ಇಡಬೇಡಿ. ಮರದ ಹಲಗೆ ಹಾಕಿ ಅದರ ಮೇಲಿಡಿ. ನಮ್ಮ ಮಳೆಗಾಲದ ಥಂಡಿಗೆ ರಟ್ಟಿನ ಬಾಕ್ಸ್ ಮೆತ್ತಗಾಗಿ ಬೂಷ್ಟು ಹಿಡಿಯುತ್ತೆ. ಒಳಗಿನ ಕವರ್ ಎಲ್ಲಾದರೂ ಹರಿದಿದ್ದರೆ ಪುಡಿ ತೇವ ಎಳೆದುಕೊಂಡು ಗಂಟಾಗುತ್ತೆ.

ಕೊನೆಗೆ ನಿಮ್ಮ ಹುಡುಗನಿಗೆ ಎರಡೇ ಪ್ರಶ್ನೆ ಹೇಳಿಕೊಡಿ: ಸೊಂಟ ಎಷ್ಟು ಇಂಚು? ಹಗಲಿಗೋ ರಾತ್ರಿಗೋ? ಆಮೇಲೆ ಕಾಣದಂಥ ದಪ್ಪ ಚೀಲದಲ್ಲಿ ಹಾಕಿ ಕೊಡಲಿ. ವಾಟ್ಸ್ಯಾಪಿನಲ್ಲಿ ಆರ್ಡರ್ ತೆಗೆದುಕೊಂಡು ಕಟ್ಟಿಟ್ಟಿದ್ದರೆ ಇನ್ನೂ ಒಳ್ಳೆಯದು. ಗಿರಾಕಿಯ ಹೆಸರು, ನಂಬರ್ ನಿಮ್ಮ ಫೋನಿನಿಂದ ಆಚೆ ಹೋಗಬಾರದು. ಸಂಜೆ ಟೀ ಕುಡಿಯುವಾಗಲೂ ಈ ಮಾತು ಬರಬಾರದು.

ಪ್ರಶ್ನೆ: ನಾನೇ ಅಂಥ ಒಬ್ಬ ಗಿರಾಕಿ, ಮೇಡಂ. ಸಾಗರ ತಾಲ್ಲೂಕಿನ ಒಂದು ತೋಟದ ಮನೆಯಲ್ಲಿದ್ದೇನೆ. ಆಗಾಗ ರಾತ್ರಿ ಹೊತ್ತು ಡೈಪರ್ ಹಾಕಿಕೊಳ್ಳುತ್ತೇನೆ. ಮಳೆಗಾಲದಲ್ಲಿ ತೊಡೆಸಂದಿಯಲ್ಲಿ ಕೆಂಪಾಗುತ್ತೆ. ಬಳಸಿದ್ದನ್ನು ಬಚ್ಚಲ ಒಲೆಗೆ ಹಾಕಿ ಸುಡಬಹುದಾ?

ಉತ್ತರ: ಸುಡಬೇಡಿ. ಅದರಲ್ಲಿ ಪ್ಲಾಸ್ಟಿಕ್ ಇದೆ, ಒದ್ದೆ ಬೇರೆ. ಸರಿಯಾಗಿ ಉರಿಯದೆ ಹೊಗೆಯಾಡುತ್ತೆ, ಆ ಹೊಗೆಯನ್ನು ಮನೆಯವರೆಲ್ಲ ಕುಡಿಯಬೇಕು. ಅಡಿಕೆ ಮರದ ಬುಡಕ್ಕೆ ಹುಗಿಯುವುದೂ ಬೇಡ, ಹಳ್ಳಕ್ಕೆ ಎಸೆಯುವುದಂತೂ ಬೇಡವೇ ಬೇಡ. ಘನತ್ಯಾಜ್ಯ ನಿಯಮಗಳಲ್ಲಿ ಬಳಸಿದ ಡೈಪರನ್ನು ಭದ್ರವಾಗಿ ಸುತ್ತಿ ಕೊಡಬೇಕು ಅಂತ ಇದೆ. ಟೇಪ್ ಹಚ್ಚಿ ಬಿಗಿಯಾಗಿ ಸುರುಳಿ ಸುತ್ತಿ, ಪೇಪರಿನಲ್ಲಿ ಕಟ್ಟಿ, ಪಂಚಾಯಿತಿಯ ಸ್ವಚ್ಛ ವಾಹಿನಿ ಬಂದಾಗ ಒಣಕಸದ ಜೊತೆ ಸೇರಿಸದೆ ಬೇರೆ ಕೊಡಿ. ಗಾಡಿ ನಿಮ್ಮ ಮನೆಯ ಹತ್ತಿರ ಬರದಿದ್ದರೆ ಮುಚ್ಚಳ ಇರುವ ಬಕೆಟ್ಟಿನಲ್ಲಿಟ್ಟು ಪೇಟೆಗೆ ಹೋಗುವಾಗ ತಲುಪಿಸಿ.

ಕೆಂಪಾಗುವುದು ತೇವದಿಂದ. ಒದ್ದೆಯಾದ ಮೇಲೆ ಬೆಳಗಿನವರೆಗೆ ಹಾಗೇ ಮಲಗಬೇಡಿ, ಬದಲಿಸಿ. ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಉಜ್ಜದೆ ಒತ್ತಿ ಒರೆಸಿ, ಪೂರ್ತಿ ಒಣಗಲು ಬಿಡಿ. ಆಮೇಲೆ ಸತುವಿನ ಕ್ರೀಮ್, ಅಂದರೆ ಝಿಂಕ್ ಆಕ್ಸೈಡ್ ಇರುವುದು, ತೆಳ್ಳಗೆ ಹಚ್ಚಿ. ಪೌಡರ್ ಬೇಡ, ಬೆವರಿಗೆ ಗಂಟುಕಟ್ಟುತ್ತೆ. ಮಧ್ಯೆ ಮಧ್ಯೆ ಕೆಲವು ರಾತ್ರಿ ಬಿಡಿ. ಅಂಚು ಕೆಂಪಾಗಿ ಉಂಗುರದ ಥರ ಹರಡುತ್ತಾ ತುರಿಕೆ ಬಂದರೆ ಅದು ಫಂಗಸ್ ಇರಬಹುದು, ಚರ್ಮದ ಡಾಕ್ಟರಿಗೆ ತೋರಿಸಿ. ಅವರಿಗೆ ‘ಡೈಪರ್ ಹಾಕುತ್ತೇನೆ’ ಅಂತ ಹೇಳಿದರೆ ಸಾಕು, ಯಾಕೆ ಅಂತ ವಿವರಿಸಬೇಕಿಲ್ಲ. ಆದರೆ ಡೈಪರ್ ಇಲ್ಲದ ಹೊತ್ತಿನಲ್ಲೂ ಮೂತ್ರ ಜಿನುಗುತ್ತಿದ್ದರೆ, ಉರಿ ಅಥವಾ ರಕ್ತ ಕಂಡರೆ, ಹವ್ಯಾಸ ಅಂತ ಸುಮ್ಮನಿರಬೇಡಿ. ಯೂರಾಲಜಿ ಡಾಕ್ಟರನ್ನು ಬೇಗ ನೋಡಿ.

ಪ್ರಶ್ನೆ: ನಾನು ತೀರ್ಥಹಳ್ಳಿಯ ಒಂದು ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುವ ಹುಡುಗಿ. ಒಬ್ಬರು ಡೈಪರ್ ವಿಚಾರಿಸುವ ನೆಪದಲ್ಲಿ ಪದೇ ಪದೇ ಫೋನ್ ಮಾಡಿ, ‘ನಾನು ಹೇಗೆ ಹಾಕಿಕೊಳ್ಳುತ್ತೇನೆ’ ಅಂತೆಲ್ಲ ಹೇಳುತ್ತಾರೆ. ಕೇಳಲು ಮುಜುಗರ. ಮಾಲೀಕರಿಗೆ ಹೇಳಿದರೆ ಗಿರಾಕಿ ತಪ್ಪುತ್ತೆ ಅಂತಾರೆ.

ಉತ್ತರ: ಮಗಳೇ, ನೀನು ಕೇಳಿಸಿಕೊಳ್ಳಬೇಕಿಲ್ಲ. ಖಾಸಗಿತನ ಎರಡೂ ಕಡೆಗೆ ಇದೆ. ಸೈಜ್, ರೇಟು, ಸ್ಟಾಕ್, ಇಷ್ಟಕ್ಕೆ ಉತ್ತರ ಕೊಡು. ಮಾತು ಅದರಾಚೆ ಹೊರಳಿತು ಅಂದರೆ ‘ಆರ್ಡರ್ ಇದ್ದರೆ ಮೆಸೇಜ್ ಹಾಕಿ’ ಅಂತ ಹೇಳಿ ಫೋನ್ ಇಡು. ಇದು ಒರಟುತನ ಅಲ್ಲ. ಮರ್ಯಾದೆಯ ಗಿರಾಕಿಗಳು ಹೀಗೆ ಮಾಡುವುದಿಲ್ಲ, ಇವರೊಬ್ಬರ ನಡತೆಗೆ ಅವರನ್ನೆಲ್ಲ ಸೇರಿಸಿ ನೋಡುವುದೂ ಬೇಡ. ಆ ನಂಬರಿನಿಂದ ಬರುವ ಕರೆಯನ್ನು ಮಾಲೀಕರೇ ತೆಗೆದುಕೊಳ್ಳಲಿ. ತಾರೀಕು, ಹೊತ್ತು ಒಂದು ಪುಸ್ತಕದಲ್ಲಿ ಬರೆದಿಟ್ಟುಕೋ. ಆಮೇಲೂ ನಿಲ್ಲಿಸದಿದ್ದರೆ ಮನೆಯವರನ್ನು ಕರೆದುಕೊಂಡು ಪೊಲೀಸ್ ಠಾಣೆಗೆ ಹೋಗಿ ದೂರು ಕೊಡು, ಇಲ್ಲವೇ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡು.