ಒಬ್ಬಳೇ ಕಾರು ಓಡಿಸಿಕೊಂಡು ಊರಿಗೆ ಬರ್ತೀನಿ ಅಂದವರು

ಹೆಸರು, ವಯಸ್ಸು, ಕೆಲಸದ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ಇಲ್ಲಿ ಅವರನ್ನು ಶಾಲಿನಿ ಎನ್ನೋಣ.

ಶಾಲಿನಿಗೆ ನಲವತ್ತು ದಾಟಿದೆ. ಮೈಸೂರಿನವರು. ಮದುವೆಯಾಗಿ ನೋಯ್ಡಾಕ್ಕೆ ಹೋದವರು, ವಿಚ್ಛೇದನವಾದ ಮೇಲೂ ಕೆಲಸಕ್ಕಾಗಿ ಅಲ್ಲೇ ಇದ್ದರು. ಈಗ ಮನೆಯಿಂದಲೇ ಕೆಲಸ ಮಾಡಲು ಕಂಪನಿ ಒಪ್ಪಿದೆ. ಮೈಸೂರಿನಲ್ಲಿ ತಾಯಿಯ ಮನೆಗೆ ಹತ್ತಿರದಲ್ಲೇ ಒಂದು ಫ್ಲ್ಯಾಟ್ ಬಾಡಿಗೆಗೆ ಹಿಡಿದಿದ್ದಾರೆ. ಸಾಮಾನು ಲಾರಿಯಲ್ಲಿ ಬರುತ್ತದೆ. ಕಾರನ್ನು ಮಾತ್ರ ತಾನೇ ಓಡಿಸಿಕೊಂಡು ಬರಬೇಕು, ಅದೂ ಒಬ್ಬಳೇ, ಅಂತ ಹಟ.

ದೂರ ಸುಮಾರು 2,300 ಕಿ.ಮೀ. ಆಗ್ರಾ, ಗ್ವಾಲಿಯರ್, ಝಾನ್ಸಿ, ಸಾಗರ್, ನಾಗಪುರ, ಹೈದರಾಬಾದ್, ಕರ್ನೂಲು, ಅನಂತಪುರ, ಬೆಂಗಳೂರು. ಬಹುಪಾಲು ರಾಷ್ಟ್ರೀಯ ಹೆದ್ದಾರಿ 44. ತಮ್ಮ ಹೇಳಿದ: "ಅಕ್ಕ, ಕಾರನ್ನೂ ಲಾರಿಗೆ ಹಾಕಿಸು, ನೀನು ಫ್ಲೈಟ್‌ನಲ್ಲಿ ಬಾ." ತಾಯಿ ಚಂಬಲ್ ಹೆಸರು ಕೇಳಿದ ಕೂಡಲೇ ಊಟ ಬಿಟ್ಟರು. ಧೋಲ್ಪುರ ದಾಟಿದರೆ ಚಂಬಲ್ ನದಿಯ ಸೇತುವೆ ಸಿಗುವುದು ನಿಜ. ಆದರೆ ಆ ತಾಯಿಯ ತಲೆಯಲ್ಲಿದ್ದದ್ದು ಹಳೇ ಹಿಂದಿ ಸಿನಿಮಾದ ಡಕಾಯಿತರು!

ಶಾಲಿನಿ ಆಪ್ತಸಮಾಲೋಚಕಿಯಾದ ನನ್ನ ಹತ್ತಿರ ಬಂದದ್ದು ಪ್ರಯಾಣದ ಸಲಹೆಗಲ್ಲ. ನಿದ್ದೆ ಬರುತ್ತಿಲ್ಲ ಅಂತ. ನಡುರಾತ್ರಿ ಎಚ್ಚರವಾಗಿ ಎದೆ ಡವಡವ. ಆಮೇಲೆ ಬೆಳಗಿನವರೆಗೆ ಫೋನಿನಲ್ಲಿ ಅಪಘಾತದ ವಿಡಿಯೊ. ಮೊದಲು ಡಾಕ್ಟರ ಹತ್ತಿರ ಹೋಗಿ ಇಸಿಜಿ, ಥೈರಾಯ್ಡ್ ಪರೀಕ್ಷೆ ಮಾಡಿಸಿ ಎಂದೆ. ಎದೆ ಬಡಿದುಕೊಳ್ಳುವುದೆಲ್ಲ ಮನಸ್ಸಿನದೇ ಅಂತ ಮೊದಲೇ ತೀರ್ಮಾನ ಮಾಡಬಾರದು. ಎರಡೂ ಸರಿ ಇದ್ದವು.

ಎಷ್ಟು ದಿನದ ಪ್ರಯಾಣ ಎಂದು ಕೇಳಿದೆ. ಮೂರು ಅಂದರು. ಅಂದರೆ ದಿನಕ್ಕೆ ಏಳುನೂರೈವತ್ತು ಕಿಲೋಮೀಟರಿಗೂ ಜಾಸ್ತಿ. ಇದುವರೆಗೆ ಊರೊಳಗೆ ಮಾತ್ರ ಓಡಿಸಿದವರು ಇವರು.

"ಮೂರೇ ಯಾಕೆ?"

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅವರು ಮೂರು ದಿನದಲ್ಲಿ ಹೋಗ್ತಿದ್ರು ಮೇಡಂ. ಹೈವೇ ನಿನ್ನ ಕೈಲಿ ಆಗಲ್ಲ ಅಂತಿದ್ರು."

ಅವರು ಅಂದರೆ ಮಾಜಿ ಗಂಡ.

"ದಾರಿಯಲ್ಲಿ ಸುಸ್ತಾದರೆ?"

"ನಿಲ್ಲಿಸೋದಿಲ್ಲ. ನಿಲ್ಲಿಸಿದರೆ ಅವರು ಹೇಳಿದ್ದೇ ನಿಜ ಆದ ಹಾಗೆ ಅಲ್ವಾ?"

ನನಗೆ ಭಯವಾದದ್ದು ಆಗಲೇ. ಒಬ್ಬಳೇ ಹೆಂಗಸು ಅನ್ನುವುದಕ್ಕಲ್ಲ, ಚಂಬಲ್‌ಗೂ ಅಲ್ಲ. ನಿಲ್ಲಿಸಲಾರದ ಡ್ರೈವರ್ ಹೆದ್ದಾರಿಯಲ್ಲಿ ತನಗೂ ಅಪಾಯ, ಬೇರೆಯವರಿಗೂ ಅಪಾಯ. ಕಣ್ಣು ಎಳೆಯುತ್ತಿದ್ದರೂ ಇನ್ನೊಂದು ಐವತ್ತು ಕಿಲೋಮೀಟರ್ ಅನ್ನುವವರು ಇವರೇ. ಈ ಪ್ರಯಾಣವನ್ನು ಅವರು ಪರೀಕ್ಷೆ ಮಾಡಿಕೊಂಡಿದ್ದರು. ಪರೀಕ್ಷಕ ಮಾತ್ರ ಕಾರಿನಲ್ಲೂ ಇಲ್ಲ, ಬದುಕಿನಲ್ಲೂ ಇಲ್ಲ.

ಹೋಗಬೇಡಿ ಎಂದು ನಾನು ಹೇಳಲಿಲ್ಲ. ಹೇಳಿದ್ದರೆ ಬೇಡ ಅನ್ನುವವರ ಸಾಲಿಗೆ ನಾನೂ ಸೇರುತ್ತಿದ್ದೆ, ಹಟ ಇನ್ನೂ ಗಟ್ಟಿಯಾಗುತ್ತಿತ್ತು. ಬದಲಿಗೆ ಒಂದು ಕೆಲಸ ಕೊಟ್ಟೆ. ಹೋಗುವ ಯೋಜನೆಯ ಪಕ್ಕದಲ್ಲೇ ಬಿಟ್ಟುಬಿಡುವ ಯೋಜನೆಯನ್ನೂ ಬರೆಯಿರಿ. ಎಲ್ಲೆಲ್ಲಿ ಕಾರು ಬಿಟ್ಟು ವಿಮಾನ ಹತ್ತಬಹುದು? ನಾಗಪುರದಲ್ಲಿ ಹತ್ತಬಹುದು, ಹೈದರಾಬಾದಿನಲ್ಲಿ ಹತ್ತಬಹುದು. ಅಲ್ಲಿಂದ ಕಾರು ಸಾಗಿಸುವವರು ಯಾರು, ಎಷ್ಟು ಕೇಳುತ್ತಾರೆ? ಮೊದಲೇ ವಿಚಾರಿಸಿ. ಆ ಹಣವನ್ನು ಬೇರೆ ಎತ್ತಿಡಿ. ಶಾಲಿನಿಗೆ ಇದು ಸ್ವಲ್ಪವೂ ಹಿಡಿಸಲಿಲ್ಲ. "ಸೋಲೋಕೆ ತಯಾರಿ ಮಾಡಿಸ್ತಿದ್ದೀರಿ" ಅಂದರು. ಆದರೂ ಬರೆದು ತಂದರು. ಆ ವಾರ ರಾತ್ರಿ ಎಚ್ಚರವಾಗುವುದು ಕಡಿಮೆಯಾಯಿತು.

ಮೂರು ದಿನ ಆರಾಯಿತು. ಗ್ವಾಲಿಯರ್, ಸಾಗರ್, ನಾಗಪುರ, ಹೈದರಾಬಾದ್, ಅನಂತಪುರದಲ್ಲಿ ರಾತ್ರಿ ತಂಗುವುದು. ಹೈದರಾಬಾದಿನ ದಿನ ಒಂದು ಬಿಟ್ಟರೆ ಉಳಿದ ದಿನ ನಾನೂರರ ಒಳಗೇ ಮುಗಿಯುತ್ತದೆ. ಕತ್ತಲಾದ ಮೇಲೆ ಸ್ಟಿಯರಿಂಗ್ ಮುಟ್ಟುವಂತಿಲ್ಲ. ಮಧ್ಯಾಹ್ನ ಊಟವಾದ ಮೇಲೆ ತೂಕಡಿಕೆ ಬರುವುದು ಸಹಜ. ಆಗ ಕಿಟಕಿ ಇಳಿಸುವುದು, ಹಾಡು ಜೋರು ಮಾಡುವುದು ಇವೆಲ್ಲ ನಂಬುವಂಥ ಉಪಾಯಗಳಲ್ಲ. ಜನ ಇರುವ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ, ಒಂದು ಕಾಫಿ ಕುಡಿದು, ಇಪ್ಪತ್ತು ನಿಮಿಷ ಮಲಗಬೇಕು. ಎದ್ದೇಳುವ ಹೊತ್ತಿಗೆ ಕಾಫಿಯೂ ಕೆಲಸ ಶುರು ಮಾಡಿರುತ್ತದೆ.

ಹೆದ್ದಾರಿಯ ಭಯಕ್ಕೆ ಅಭ್ಯಾಸವೇ ಮದ್ದು. ನೋಯ್ಡಾದ ಪಕ್ಕದಲ್ಲೇ ಯಮುನಾ ಎಕ್ಸ್‌ಪ್ರೆಸ್‌ವೇ ಇದೆ, ಆಗ್ರಾದವರೆಗೆ 165 ಕಿ.ಮೀ. ಭಾನುವಾರಗಳಂದು ಮೊದಲು ಗೆಳತಿಯ ಜೊತೆ ಸ್ವಲ್ಪ ದೂರ, ಆಮೇಲೆ ಒಬ್ಬರೇ ಮಥುರಾ ತಿರುವಿನವರೆಗೆ. ಎದೆ ಬಡಿದುಕೊಂಡರೆ ರಸ್ತೆ ಬದಿಯಲ್ಲಿ ನಿಲ್ಲಿಸಬೇಡಿ. ವೇಗ ಇಳಿಸಿ, ಎಡಕ್ಕೆ ಬನ್ನಿ, ಮುಂದಿನ ತಂಗುದಾಣದಲ್ಲಿ ನಿಲ್ಲಿಸಿ. ಉಸಿರನ್ನು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡಿ. ಗಾಬರಿ ಇಳಿಯುವವರೆಗೆ ಅಲ್ಲೇ ಕೂತಿರಿ. ಇಳಿದ ಮೇಲೆ ಮುಂದಕ್ಕೋ ವಾಪಸ್ಸೋ ನಿರ್ಧರಿಸಿ. ಗಾಬರಿ ಏರಿರುವಾಗಲೇ ಮನೆಗೆ ಓಡಿಬಂದರೆ, ಓಡಿದ್ದಕ್ಕೇ ಬದುಕಿದೆ ಅಂತ ಮನಸ್ಸು ನಂಬಿಬಿಡುತ್ತದೆ.

ಇನ್ನು ಫೋನು. ಮನೆಯವರ ಬೇಡಿಕೆ ಗಂಟೆಗೊಂದು ಕರೆ. ಇದರ ಬಗ್ಗೆ ತಾಯಿ, ತಮ್ಮ ಇಬ್ಬರನ್ನೂ ವಿಡಿಯೊ ಕರೆಯಲ್ಲಿ ಕೂರಿಸಿಕೊಂಡು ಮಾತಾಡಿದೆ. ಒಂದು ಕರೆ ಬಂದರೆ ತಾಯಿಗೆ ಸ್ವಲ್ಪ ಹೊತ್ತು ಸಮಾಧಾನ. ಆಮೇಲೆ ಮುಂದಿನ ಕರೆಗೆ ಕಾಯುವುದು ಶುರು. ಕರೆ ಜಾಸ್ತಿಯಾದಷ್ಟೂ ಕಾಯುವ ಸಂಕಟವೂ ಜಾಸ್ತಿ. ಅತ್ತ ಓಡಿಸುವವರ ಗಮನ ರಸ್ತೆಯಿಂದ ತಪ್ಪುತ್ತದೆ. ಕೊನೆಗೆ ಒಪ್ಪಿದ್ದು ಇಷ್ಟು: ಲೈವ್ ಲೊಕೇಶನ್ ತಮ್ಮನಿಗೆ ಮಾತ್ರ. ತಾಯಿಗೆ ರಾತ್ರಿ ರೂಮು ಸೇರಿದ ಮೇಲೆ ಒಂದು ಕರೆ. ಹೆದ್ದಾರಿ ಸಹಾಯವಾಣಿ 1033, ತುರ್ತಿಗೆ 112, ಎರಡನ್ನೂ ಚೀಟಿಯಲ್ಲಿ ಬರೆದು ಡ್ಯಾಶ್‌ಬೋರ್ಡಿಗೆ ಅಂಟಿಸುವುದು. "ಅಷ್ಟು ಹೊತ್ತು ನಾನೇನು ಮಾಡಲಿ?" ಅಂತ ತಾಯಿ ಕೇಳಿದರು. ನ್ಯಾಯವಾದ ಪ್ರಶ್ನೆ. ಹೊಸ ಫ್ಲ್ಯಾಟಿಗೆ ಹಾಲು, ಗ್ಯಾಸು, ಕೆಲಸದವರನ್ನು ಗೊತ್ತುಮಾಡುವ ಜವಾಬ್ದಾರಿ ಅವರಿಗೆ ವಹಿಸಿದೆವು.

ಒಂದು ವಿಷಯದಲ್ಲಿ ನಮ್ಮಿಬ್ಬರ ಅಭಿಪ್ರಾಯ ಕೂಡಲಿಲ್ಲ. ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಡುವ ಗಾಡಿಗೆ ಅಲ್ಲಿಯ ನೋಂದಣಿ ಮಾಡಿಸಬೇಕು. ಅದಕ್ಕೆ ಹಳೆಯ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು, ಕಾರಿನ ಮೇಲೆ ಸಾಲ ಇದ್ದರೆ ಬ್ಯಾಂಕಿನ ಒಪ್ಪಿಗೆಯೂ ಬೇಕು. ಎಲ್ಲದಕ್ಕೂ ಪಟ್ಟಿ ಮಾಡಿದ್ದ ಶಾಲಿನಿ ಇದೊಂದನ್ನು ಮುಂದೂಡುತ್ತಲೇ ಇದ್ದರು. ನೋಯ್ಡಾ ಬಿಡಲು ಮನಸ್ಸಿಲ್ಲವೇನೋ ಎಂದೆ. "ಇಲ್ಲ ಮೇಡಂ, ಸುಮ್ನೆ ಸೋಮಾರಿತನ" ಅಂದರು. ಇರಬಹುದು. ಹೊರಡುವ ಮುನ್ನ ಅರ್ಜಿ ಹಾಕಿದರು, ಅದು ಮುಖ್ಯ.

ಪ್ರಯಾಣದ ಬಗ್ಗೆ ಹೇಳುವುದು ಹೆಚ್ಚಿಲ್ಲ. ಸಿವನಿ ದಾಟಿದ ಮೇಲೆ ಪೆಂಚ್ ಕಾಡಿನಲ್ಲಿ ಪ್ರಾಣಿಗಳು ಕೆಳಗಿನಿಂದ ದಾಟಲೆಂದು ರಸ್ತೆಯನ್ನೇ ಮೇಲೆತ್ತಿದ್ದಾರೆ, ಅದನ್ನು ನೋಡಿ ಖುಷಿಪಟ್ಟಿದ್ದರು. ಆದಿಲಾಬಾದ್ ಕಡೆ ಜೋರು ಮಳೆ. ಹೈದರಾಬಾದಿನಲ್ಲಿ ಇನ್ನೊಂದು ದಿನ ಉಳಿದರು, ಯಾರ ಅಪ್ಪಣೆಯನ್ನೂ ಕೇಳದೆ. ಅನಂತಪುರಕ್ಕೆ ತಮ್ಮನನ್ನು ತಾವೇ ಕರೆಸಿಕೊಂಡರು. ಅವನು ರೈಲಿನಲ್ಲಿ ಬಂದ. ಕೊನೆಯ ದಿನ ಅಕ್ಕನೇ ಓಡಿಸಿದ್ದು, ಅವನು ಪಕ್ಕದಲ್ಲಿ ಕೂತು ಗೊರಕೆ ಹೊಡೆದನಂತೆ. "ಪೂರ್ತಿ ಒಬ್ಬಳೇ ಬಂದೆ ಅಂತ ಹೇಳಿಕೊಳ್ಳೋ ಹಾಗಿಲ್ಲ ಈಗ" ಎಂದು ನಕ್ಕರು.

ಕಷ್ಟ ಬಂದದ್ದು ಆಮೇಲೆ. ಸಾಮಾನು ಜೋಡಿಸಿ ಮುಗಿದ ಮೇಲೆ ಶಾಲಿನಿಗೆ ಏನೂ ಬೇಡವಾಯಿತು. ತಿಂಗಳುಗಟ್ಟಲೆ ತಲೆ ತುಂಬಿದ್ದ ಪ್ರಯಾಣ ಮುಗಿದಿತ್ತು, ಆ ಜಾಗ ಖಾಲಿ. ನೋಯ್ಡಾದ ಗೆಳತಿಯರು ನೆನಪಾಗಿ ಅಳು. ಊರು ಬದಲಿಸಿದವರಲ್ಲಿ ಇದನ್ನು ಆಗಾಗ ನೋಡುತ್ತೇನೆ, ಅದರಲ್ಲೂ ಸ್ವಂತ ಊರಿಗೆ ಮರಳಿದವರಲ್ಲಿ. ಊರು ತನ್ನದೇ ಆದ್ದರಿಂದ ಬೇಜಾರು ಪಡಲೂ ನಾಚಿಕೆ ಅವರಿಗೆ. ಅಂಥವರಿಗೆ ನಾನು ಹೇಳುವುದು ಇಷ್ಟು: ಏಳುವ, ಮಲಗುವ ಹೊತ್ತು ದಿನವೂ ಒಂದೇ ಇರಲಿ. ವಾರಕ್ಕೆ ಎರಡು ಸಲವಾದರೂ ಮನೆಯವರಲ್ಲದ ಯಾರನ್ನಾದರೂ ಭೇಟಿ ಮಾಡಿ. ಎರಡು ವಾರ ದಾಟಿದರೂ ನಿದ್ದೆ, ಹಸಿವು ಸರಿಹೋಗದಿದ್ದರೆ ಮನೋವೈದ್ಯರನ್ನು ಕಾಣಿ. ನಡುರಾತ್ರಿ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416 ಇದೆ, ಕನ್ನಡದಲ್ಲೂ ಮಾತಾಡಬಹುದು.

ಈಗ ಸ್ವಲ್ಪ ಗೆಲುವಾಗಿದ್ದಾರೆ. ತಿಂಗಳಿಗೊಮ್ಮೆ ಬರುತ್ತಾರೆ. ಸದ್ಯ ನಡೆಯುತ್ತಿರುವ ಚರ್ಚೆ, ಫ್ಲ್ಯಾಟಿನ ಇನ್ನೊಂದು ಬೀಗದ ಕೈ ತಾಯಿಯ ಹತ್ತಿರ ಇರಬೇಕೋ ಬೇಡವೋ ಅನ್ನುವುದು.