ಪೈರೈಟ್ ಇದ್ದರೆ ಚಿನ್ನ ಇಲ್ಲ ಅಂತಲ್ಲ

ರಾಯಚೂರು ಜಿಲ್ಲೆಯ ಚಿನ್ನದ ಗಣಿ ಊರು ಹಟ್ಟಿ ಕಡೆಯ ಬಿಳಿ ಕಲ್ಲಿನಲ್ಲಿ ನಿಮಗೆ ಕಂಡ ಹಳದಿ ಚೌಕಗಳು ಬಹುತೇಕ ಪೈರೈಟೇ, ಅಂದರೆ ಚಿನ್ನದಂತೆ ಹೊಳೆಯುವ, ಕಬ್ಬಿಣ ಮತ್ತು ಗಂಧಕ ಸೇರಿದ ಖನಿಜ. ಆದರೆ ‘ಪೈರೈಟ್ ಇದ್ದರೆ ಚಿನ್ನ ಇರಲ್ಲ, ಅಲ್ವಾ?’ ಅಂತ ಕೇಳಿದ್ದೀರಿ, ಅದು ತಪ್ಪು. ಭೂಮಿಯಾಳದ ಬಿಸಿನೀರಿನಲ್ಲಿ ಚಿನ್ನ ಗಂಧಕದ ಜೊತೆ ಸೇರಿ ಕರಗಿರುತ್ತದೆ. ಆ ನೀರು ಬಿರುಕುಗಳಲ್ಲಿ ನುಗ್ಗಿ, ಹಟ್ಟಿಯಲ್ಲಿರುವಂಥ ಕಬ್ಬಿಣ ಜಾಸ್ತಿಯಿರುವ ಕಪ್ಪು ಕಲ್ಲಿಗೆ ತಾಗಿದಾಗ ಗಂಧಕ ಕಬ್ಬಿಣವನ್ನು ಹಿಡಿದು ಪೈರೈಟ್ ಆಗುತ್ತದೆ. ಜೊತೆ ತಪ್ಪಿದ ಚಿನ್ನ ಅಲ್ಲೇ ಕೂರುತ್ತದೆ. ಕೆಲವೊಮ್ಮೆ ಪೈರೈಟಿನ ಸೀಳಿನಲ್ಲಿ, ಕೆಲವೊಮ್ಮೆ ಅದರ ಒಳಗೇ, ಕಣ್ಣಿಗೆ ಕಾಣದಷ್ಟು ಸಣ್ಣದಾಗಿ.

ಮೊದಲು ಒಂದು ಕಣವನ್ನು ಸೂಜಿಯಿಂದ ಒತ್ತಿ. ಪೈರೈಟ್ ಆದರೆ ಪುಡಿಯಾಗುತ್ತದೆ, ಚಿನ್ನವಾದರೆ ತಗ್ಗು ಬೀಳುತ್ತದೆ. ಆಮೇಲೆ ಬಿಳಿ ಟೈಲ್ಸಿನ ಹಿಂದಿನ ಒರಟು ಬದಿಗೆ ಉಜ್ಜಿ. ಚಿನ್ನದ ಗೆರೆ ಹಳದಿ, ಪೈರೈಟಿನದು ಹಸಿರುಗಪ್ಪು. ನಾನು ಉಜ್ಜಿದ ಕಲ್ಲು ಕಪ್ಪು ಗೆರೆ ಬಿಟ್ಟಿತ್ತು, ಬೆಂಕಿಕಡ್ಡಿ ಗೀಚಿದಂಥ ವಾಸನೆ ಬೇರೆ!

ಒಳಗೆ ಅಡಗಿದ ಚಿನ್ನ ಈ ಪರೀಕ್ಷೆಗಳಿಗೂ ಸಿಗಲ್ಲ, ಫೋಟೋ ನೋಡಿ ಯಾರೂ ಹೇಳಲಾರರು. ಅದಿರು ಪರೀಕ್ಷಿಸುವ ಲ್ಯಾಬಿನಲ್ಲಿ ಫೈರ್ ಅಸ್ಸೇ, ಅಂದರೆ ಕಲ್ಲಿನ ಪುಡಿಯನ್ನು ಕುಲುಮೆಯಲ್ಲಿ ಕರಗಿಸಿ ಚಿನ್ನ ಎಷ್ಟಿದೆ ಅಂತ ಅಳೆಯುವ ಪರೀಕ್ಷೆ, ಮಾಡಿಸಿ. ಸುಮ್ನೆ ಮನೆಯಲ್ಲಿ ಕಾಯಿಸಲು ಹೋಗಬೇಡಿ. ಹಟ್ಟಿಯ ಅದಿರಿನಲ್ಲಿ ಆರ್ಸೆನಿಕ್ ಇರುವ ಖನಿಜವೂ ಇದೆ, ಅದರ ಹೊಗೆ ವಿಷ.